ಇಬ್ಬರಿಗೆ ನಾಲ್ಕೇ ಹೋಳಿಗೆ: ನೀರು ಬೀಳುವ ಮುಂಚೆ ಪಾಲು ಮಾಡಿ

ಪ್ರಶ್ನೆ: ಕಲಬುರಗಿಯ ಮನೆಯಲ್ಲಿ ಈಗ ನಾವಿಬ್ಬರೇ. ಮಗಳು ಪುಣೆಯಲ್ಲಿದ್ದಾಳೆ, ಮಗ ಹೈದರಾಬಾದಿನಲ್ಲಿ. ನಮ್ಮ ಮನೆಯವರಿಗೆ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಆದರೂ ಊಟದ ಕೊನೆಗೆ ಏನಾದರೂ ಸಿಹಿ ಬೇಕೇ ಬೇಕು. ನನಗೆ ಅತ್ತೆಯವರು ಕಲಿಸಿದ್ದು ಸೇರಿನ ಲೆಕ್ಕ. ಎಷ್ಟು ಕಡಿಮೆ ಮಾಡಿದರೂ ಮಿಕ್ಕುತ್ತದೆ. ಯುಗಾದಿಗೆ ಮಾಡಿದ ಹೂರಣ ಮಾರನೇ ದಿನವೇ ಹುಳಿ ವಾಸನೆ ಬಂತು. ಮೈಸೂರು ಪಾಕ್ ಅರ್ಧ ಅಳತೆಯಲ್ಲಿ ಮಾಡಿದರೆ ಕಲ್ಲಾಯಿತು. ಗೋಧಿ ಹುಗ್ಗಿ ಕುಕ್ಕರಿನ ತಳ ಹಿಡಿಯಿತು. ಅಕ್ಕಪಕ್ಕದವರಿಗೆ ಕೊಡೋಣ ಅಂದರೆ ಎಲ್ಲರ ಮನೆಯಲ್ಲೂ ಶುಗರ್, "ಬ್ಯಾಡ್ರಿ" ಅಂತಾರೆ. ಕೆಲಸಕ್ಕೆ ಬರುವ ಹುಡುಗಿಗೆ ಎರಡು ದಿನದ್ದನ್ನು ಕೊಡಲು ಮನಸ್ಸಾಗುವುದಿಲ್ಲ. ಇಬ್ಬರಿಗೆ ಅಂತಲೇ ಸಿಹಿ ಮಾಡುವುದು ಹೇಗೆ? ಹೂರಣ ಫ್ರೀಜರಿನಲ್ಲಿ ಇಡಬಹುದಾ? ಬೆಲ್ಲದ್ದಾದರೆ ಶುಗರ್ ಇದ್ದವರು ತಿನ್ನಬಹುದು ಅಂತಾರೆ, ನಿಜವಾ?

ಉತ್ತರ: ಅಕ್ಕಾರೇ, ನಿಮ್ಮ ಕೈಯಳತೆ ತಪ್ಪಿಲ್ಲ. ಅದು ಹದಿನೈದು ಜನ ಉಣ್ಣುವ ಮನೆಯ ಅಳತೆ. ಈಗ ಗಂಗಾಳ ಎರಡೇ ಇವೆ. ಆಹಾರ ಸಂಸ್ಕರಣೆ ಕಲಿಸುವ ಕೆಲಸದಲ್ಲಿ ನನ್ನನ್ನು ಜಾಸ್ತಿ ಜನ ಕೇಳುವುದು ಇದನ್ನೇ. ಮಕ್ಕಳು ಊರು ಬಿಟ್ಟ ಮನೆಗಳಲ್ಲಂತೂ ಹಬ್ಬ ಬಂತೆಂದರೆ ಇದೇ ಮಾತು.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಕೂಡಿಕೊಂಡಿವೆ. ಪಾಕ ಕಲ್ಲಾದದ್ದು, ಹುಗ್ಗಿ ತಳ ಹಿಡಿದದ್ದು ಒಲೆಯ ಲೆಕ್ಕ. ಹೂರಣ ಹುಳಿಯಾದದ್ದು ನೀರು ಮತ್ತು ಶಾಖದ ಲೆಕ್ಕ. ಶುಗರ್ ವಿಷಯ ದೇಹದ ಲೆಕ್ಕ. ಮೂರಕ್ಕೂ "ಕಡಿಮೆ ಮಾಡಿ" ಅನ್ನುವ ಒಂದೇ ಉತ್ತರ ಕೊಟ್ಟರೆ ಕೆಲಸ ಆಗುವುದಿಲ್ಲ.

ಮೊದಲು ಒಲೆಯದ್ದು. ಎಲ್ಲ ಸಾಮಾನು ಅರ್ಧ ಹಾಕಿದರೆ ಅರ್ಧ ಸಿಹಿ ಬರುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಬೇಳೆ, ಬೆಲ್ಲ, ತುಪ್ಪದ ಮಟ್ಟಿಗೆ ಅದು ಸರಿ. ನೀರಿಗೆ ಮಾತ್ರ ಸರಿಯಲ್ಲ. ನೀರು ಎಷ್ಟು ಆರುತ್ತದೆ ಅನ್ನುವುದು ಪಾತ್ರೆಯ ಬಾಯಿ ಎಷ್ಟು ಅಗಲ, ಉರಿ ಎಷ್ಟು ಅನ್ನುವುದರ ಮೇಲೆ ನಿಂತಿದೆ. ನೀವು ಸಾಮಾನು ಅರ್ಧ ಮಾಡಿದಿರಿ. ಕಡಾಯಿ ಅದೇ, ಉರಿ ಅದೇ. ಹಾಗಾಗಿ ಗಂಟೆಗೆ ಆರುವ ನೀರೂ ಅಷ್ಟೇ. ಇದ್ದ ನೀರು ಮಾತ್ರ ಅರ್ಧ.

ಮೈಸೂರು ಪಾಕಿನಲ್ಲಿ ಇದು ಎಷ್ಟು ಸೂಕ್ಷ್ಮ ಅಂತ ನೋಡಿ. ಸಕ್ಕರೆ ಪಾಕ ಒಂದೆಳೆಗೆ ಬರುವುದು ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರಲ್ಲಿ ಹನಿ ಬಿಟ್ಟರೆ ಮೆತ್ತನೆ ಉಂಡೆ ಕಟ್ಟುವ ಪಾಕ 112ರಿಂದ 116 ಡಿಗ್ರಿ. 100 ಗ್ರಾಂ ಸಕ್ಕರೆ ಇಟ್ಟರೆ ಈ ಎರಡು ಹದಗಳ ನಡುವೆ ಆರಬೇಕಾದ ನೀರು ಹೆಚ್ಚೂ ಕಡಿಮೆ ಒಂದು ದೊಡ್ಡ ಚಮಚ. ಒಂದು ಕಿಲೋ ಸಕ್ಕರೆಯಲ್ಲಾದರೆ ಅದು ಒಂದು ಚಹಾ ಲೋಟದಷ್ಟಾಗುತ್ತದೆ. ಲೋಟದಷ್ಟು ನೀರು ಆರುವುದರೊಳಗೆ ನೀವು ಎರಡು ಸಲ ಎಳೆ ನೋಡಬಹುದು, ಹಿಟ್ಟಿನ ಡಬ್ಬಿ ಹುಡುಕಬಹುದು, ಬಾಗಿಲಿಗೆ ಬಂದವರಿಗೆ ಉತ್ತರ ಕೊಟ್ಟು ಬರಬಹುದು. ಚಮಚದಷ್ಟು ನೀರು ದೊಡ್ಡ ಕಡಾಯಿಯಲ್ಲಿ ಬೆರಳಿಗೆ ಪಾಕ ಹಚ್ಚಿ ಎಳೆಯುವಷ್ಟರಲ್ಲಿ ಹೋಗಿರುತ್ತದೆ. ಒಲೆ ಆರಿಸಿದರೂ ದಪ್ಪ ಕಡಾಯಿಯ ಕಾವು ಪಾಕವನ್ನು ಇನ್ನಷ್ಟು ಮುಂದೆ ಒಯ್ಯುತ್ತದೆ. ನಿಮ್ಮದು ಕಲ್ಲಾದದ್ದು ಹೀಗೆ.

ಹಾಗಾದರೆ ಏನು ಮಾಡಬೇಕು? ಚಹಾ ಕುದಿಸುವಷ್ಟು ಸಣ್ಣ, ತಳ ದಪ್ಪ ಇರುವ, ಬಾಯಿ ಕಿರಿದಾದ ಪಾತ್ರೆ ತಗೊಳ್ಳಿ. ಸಣ್ಣ ಉರಿ ಇಡಿ. ನೀರು ಎರಡು ಚಮಚ ಜಾಸ್ತಿ ಹಾಕಿ, ಪಾಕ ನಿಧಾನ ಬರಲಿ. ಹಿಟ್ಟು ಹುರಿದು ಜರಡಿ ಹಿಡಿದು, ತುಪ್ಪ ಕಾಯಿಸಿ, ತಟ್ಟೆಗೆ ಸವರಿ, ಎಲ್ಲ ಪಕ್ಕದಲ್ಲಿಟ್ಟುಕೊಂಡೇ ಸಕ್ಕರೆ ಒಲೆಗೆ ಇಡಬೇಕು. ಇಷ್ಟೆಲ್ಲ ಹೇಳಿದರೂ ನನ್ನ ಅಭಿಪ್ರಾಯ ಕೇಳಿದರೆ, 100 ಗ್ರಾಂ ಕಡಲೆಹಿಟ್ಟಿಗಿಂತ ಕಡಿಮೆಯಲ್ಲಿ ಮೈಸೂರು ಪಾಕಿಗೆ ಕೈ ಹಾಕಬೇಡಿ. ಆಸೆಯಾದರೆ ಬೇಸನ್ ಉಂಡಿ ಮಾಡಿ. ಅದಕ್ಕೆ ಪಾಕವೇ ಬೇಡ. 50 ಗ್ರಾಂ ಹಿಟ್ಟನ್ನು ಮೂರು ದೊಡ್ಡ ಚಮಚ ತುಪ್ಪದಲ್ಲಿ ಘಮ ಬರುವವರೆಗೆ ಹುರಿದು, ಬಿಸಿ ಇಳಿದ ಮೇಲೆ 35 ಗ್ರಾಂ ಪುಡಿ ಸಕ್ಕರೆ ಸೇರಿಸಿದರೆ ಐದಾರು ಸಣ್ಣ ಉಂಡಿ ಆಗುತ್ತವೆ. ಎಲ್ಲ ಅಂದೇ ತಿನ್ನಬೇಕು ಅಂತೇನಿಲ್ಲ, ವಾರ ಹತ್ತು ದಿನ ಇರುತ್ತವೆ.

ಹುಗ್ಗಿಯ ಕಥೆಯೂ ಇದೇ. ಐದು ಲೀಟರ್ ಕುಕ್ಕರಿನಲ್ಲಿ ಒಂದು ಹಿಡಿ ಗೋಧಿ ಇಟ್ಟರೆ ತಳದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ. ಸೀಟಿ ಹೊಡೆದಷ್ಟೂ ಉಗಿ ಹೊರಗೆ ಹೋಗಿ ನೀರು ಸಾಲುವುದಿಲ್ಲ. ಕುಟ್ಟಿದ ಗೋಧಿ 40 ಗ್ರಾಂ ರಾತ್ರಿ ನೆನೆಸಿ. ಬೆಳಿಗ್ಗೆ ಅದನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಮೂರು ಪಟ್ಟು ನೀರಿನ ಜೊತೆ ಹಾಕಿ, ಮೇಲೆ ತಟ್ಟೆ ಮುಚ್ಚಿ. ಕುಕ್ಕರಿನ ತಳಕ್ಕೆ ಎರಡು ಲೋಟ ನೀರು ಬಿಟ್ಟು ಡಬ್ಬಿ ಒಳಗಿಡಿ. ಡಬ್ಬಿಗೆ ಬಿಗಿ ಮುಚ್ಚಳ ಹಾಕಬೇಡಿ. ಗೋಧಿ ಬೆರಳಲ್ಲಿ ಹಿಚುಕಿದರೆ ಮೆತ್ತಗಾಗಬೇಕು, ಆಮೇಲೆಯೇ ಬೆಲ್ಲ. ಮೊದಲೇ ಬೆಲ್ಲ ಹಾಕಿದರೆ ಕಾಳು ಬಿರುಸಾಗಿಯೇ ಉಳಿಯುತ್ತದೆ. ಇಷ್ಟಕ್ಕೆ 40 ಗ್ರಾಂ ಬೆಲ್ಲ ಸಾಕು. ಎರಡು ಬಟ್ಟಲು ಹುಗ್ಗಿ, ತಳ ಹಿಡಿಯುವ ಮಾತೇ ಇಲ್ಲ. ಅದೇ ಕುಕ್ಕರಿನಲ್ಲಿ ಮೇಲಿನ ಡಬ್ಬಿಗೆ ಅನ್ನವನ್ನೋ ಬೇಳೆಯನ್ನೋ ಇಟ್ಟುಬಿಟ್ಟರೆ ಗ್ಯಾಸೂ ಉಳಿಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಬ್ಬರ ಅಡಿಗೆಗೆ ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇರಲೇಬೇಕು. ಸೇರಿನಲ್ಲಿ ಅಳೆಯುವಾಗ ಒಂದು ಹಿಡಿ ಆಚೀಚೆ ಆದರೆ ಗೊತ್ತಾಗುವುದಿಲ್ಲ. 40 ಗ್ರಾಂನಲ್ಲಿ ಒಂದು ಚಮಚ ಹೆಚ್ಚಾದರೂ ನಾಲಿಗೆಗೆ ತಿಳಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಿಗಬಾರದು ಅಂದರೆ ಪ್ರತಿ ಸಲ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಮಾಡಬೇಕು ಅಂತ ನೀವು ಅಂದುಕೊಂಡಿದ್ದೀರಿ. ಎರಡು ಚಮಚ ರವೆ ಹುರಿಯುವುದು, ಹತ್ತು ಶೇಂಗಾ ಕುಟ್ಟುವುದು. ಅದು ಬೇಸರದ ಕೆಲಸ, ವಾರದಲ್ಲಿ ಕೈ ಬಿಟ್ಟುಬಿಡುತ್ತೀರಿ. ನಾನು ಹೇಳುವುದು ಇಷ್ಟು: ಯಾವ ಸಿಹಿಯಾದರೂ ಅದಕ್ಕೆ ನೀರೋ ಹಾಲೋ ಎಲ್ಲಿ ಬೀಳುತ್ತದೆ ಅಂತ ನೋಡಿ. ಅದಕ್ಕಿಂತ ಹಿಂದಿನ ಕೆಲಸವನ್ನು ಒಟ್ಟಿಗೆ ಮಾಡಿಟ್ಟುಕೊಳ್ಳಿ. ನೀರು ಬಿದ್ದ ಮೇಲಿನ ಕೆಲಸವನ್ನು ಅವತ್ತಿನ ಊಟಕ್ಕೆ ಬೇಕಾದಷ್ಟೇ ಮಾಡಿ. ಒಣ ಪದಾರ್ಥದಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಸಿಗುವುದಿಲ್ಲ, ಅದಕ್ಕೇ ಉಳಿಯುತ್ತದೆ.

ನಮ್ಮ ಕಡೆಯ ಶೇಂಗಾ ಹೋಳಿಗೆಗೆ ಇದು ಹೇಳಿ ಮಾಡಿಸಿದಂತಿದೆ. ಪಾವ್ ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿಯಿರಿ. ಸಿಪ್ಪೆ ಉಜ್ಜಿ ತೆಗೆದು, ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. 200 ಗ್ರಾಂ ಬೆಲ್ಲದ ಪುಡಿ, ಹುರಿದ ಎಳ್ಳು, ಏಲಕ್ಕಿ ಸೇರಿಸಿ ಡಬ್ಬಿಗೆ ತುಂಬಿ. ಹದಿನಾಲ್ಕು ಹದಿನೈದು ಹೋಳಿಗೆಯ ಹೂರಣ ಅದು. ಬೇಕಾದ ದಿನ ನಾಲ್ಕು ದೊಡ್ಡ ಚಮಚ ತೆಗೆದು, ನಾಲ್ಕೈದು ಹನಿ ಬಿಸಿನೀರು ಚಿಮುಕಿಸಿ ಹಿಡಿದರೆ ಉಂಡೆ ಕಟ್ಟುತ್ತದೆ. ಚಪಾತಿ ಹಿಟ್ಟು ಹೇಗೂ ಕಲಸಿರುತ್ತೀರಿ, ಅದರಲ್ಲೇ ಎರಡು ಉಳ್ಳಾಗಡ್ಡಿ ಗಾತ್ರದ ಉಂಡೆ ಎತ್ತಿಟ್ಟುಕೊಳ್ಳಿ. ಒಂದೊಂದರಲ್ಲಿ ಎರಡೆರಡು ಸಣ್ಣ ಹೋಳಿಗೆ. ಒಣ ಕೈ, ಒಣ ಚಮಚ ಮಾತ್ರ ಡಬ್ಬಿಗೆ ಹೋಗಬೇಕು. ಹೊರಗಿಟ್ಟರೆ ಹದಿನೈದು ದಿನ, ಫ್ರಿಜ್ಜಿನಲ್ಲಿ ಒಂದು ತಿಂಗಳು. ಬೇಸಿಗೆಯಲ್ಲಿ ಶೇಂಗಾದ ಎಣ್ಣೆ ಬೇಗ ಕನರುತ್ತದೆ, ಹಾಗಾಗಿ ಮಾರ್ಚ್ ಬಂದರೆ ಫ್ರಿಜ್ಜೇ ವಾಸಿ.

ಶೇಂಗಾ ಹಸನು ಮಾಡುವಾಗ ಮಾತ್ರ ಕಣ್ಣು ಇರಲಿ. ಕಪ್ಪಾದ, ಸುಕ್ಕಾದ, ಬೂಷ್ಟು ಹಿಡಿದ ಬೀಜ ಒಂದಿದ್ದರೂ ಎಸೆಯಿರಿ. ಕಹಿ ಬೀಜ ಬಾಯಿಗೆ ಬಂದರೆ ಉಗುಳಿಬಿಡಿ. ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಯಕೃತ್ತಿಗೆ ಕೆಟ್ಟದ್ದು. ಮನೆಯಲ್ಲಿ ಹುರಿದರೆ ಅದು ಪೂರ್ತಿ ಹೋಗುವುದಿಲ್ಲ.

ಸಜ್ಜಕವೂ ಹೀಗೇ. ಅರ್ಧ ಕಿಲೋ ರವೆಯನ್ನು ತುಪ್ಪದಲ್ಲಿ ಹುರಿದು ಏಲಕ್ಕಿ ಹಾಕಿ ಇಟ್ಟರೆ ತಿಂಗಳಿಗೆ ಅಡ್ಡಿಯಿಲ್ಲ. ಬೆಲ್ಲ ಮಾತ್ರ ಅದರಲ್ಲಿ ಬೆರೆಸಿಡಬೇಡಿ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಎಳೆದುಕೊಂಡು ರವೆಯನ್ನೂ ಗಂಟು ಮಾಡುತ್ತದೆ. ಇಬ್ಬರಿಗೆ ನಾಲ್ಕು ದೊಡ್ಡ ಚಮಚ ರವೆ, ಅಂದರೆ ಸುಮಾರು 40 ಗ್ರಾಂ. ಬೆಲ್ಲವೂ ಅಷ್ಟೇ ತೂಕ, ಬೇಕಿದ್ದರೆ ಇನ್ನೂ ಕಡಿಮೆ. ದೊಡ್ಡ ಅಳತೆಯಲ್ಲಿ ಒಂದಕ್ಕೆ ಎರಡು ನೀರು ಹಾಕುವವರು ಇಲ್ಲಿ ಒಂದಕ್ಕೆ ಎರಡೂವರೆ, ಮೂರರ ತನಕ ಹಾಕಿ. ಆಗಲೇ ಹೇಳಿದೆನಲ್ಲ, ಸಣ್ಣ ಅಳತೆಯಲ್ಲಿ ನೀರು ಬೇಗ ಹೋಗುತ್ತದೆ. ಬೆಲ್ಲವನ್ನು ನೀರಲ್ಲಿ ಕರಗಿಸಿ, ಸೋಸಿ, ಕುದಿ ಬಂದ ಮೇಲೆ ರವೆ ಬಿಡಿ. ಹತ್ತು ನಿಮಿಷದ ಕೆಲಸ.

ಶಾವಿಗಿಯನ್ನು ವಿವರಿಸುವುದೇ ಬೇಡ. ಹುರಿದಿಟ್ಟ ಶಾವಿಗಿ 20 ಗ್ರಾಂ, ಹಾಲು ಪಾವ್ ಲೀಟರ್, ಸಕ್ಕರೆ ಎರಡು ಚಮಚ. ಆರಿದ ಮೇಲೆ ಗಟ್ಟಿಯಾಗುತ್ತದೆ, ಹಾಗಾಗಿ ತೆಳ್ಳಗಿರುವಾಗಲೇ ಇಳಿಸಿ. ಬೆಲ್ಲ ಹಾಕುವವರು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಕಬೇಕು. ಬೆಲ್ಲದಲ್ಲಿ ಹುಳಿ ಅಂಶ ಇರುತ್ತದೆ, ಕುದಿಯುವ ಹಾಲು ಒಡೆಯುತ್ತದೆ.

ಇನ್ನು ನಿಮ್ಮ ಹೂರಣ. ಇದರಲ್ಲಿ ನೀರು ಮೊದಲೇ ಬಿದ್ದಿರುತ್ತದೆ, ಬೇಳೆ ಬೇಯಿಸದೆ ಹೂರಣ ಇಲ್ಲ. ಹಾಗಾಗಿ ಮೇಲಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಎರಡು ದಾರಿ ಇವೆ.

ಒಂದು, ನಾಲ್ಕೇ ಹೋಳಿಗೆಯ ಹೂರಣ. 50 ಗ್ರಾಂ ಕಡಲೆಬೇಳೆ, 45 ಗ್ರಾಂ ಬೆಲ್ಲ. ಕುಕ್ಕರ್ ಬೇಡ, ಬೋಗುಣಿಯಲ್ಲಿ ಧಾರಾಳ ನೀರು ಹಾಕಿ ತೆರೆದೇ ಬೇಯಿಸಿ. ಬಸಿದ ಕಟ್ಟು ಅಂದಿನ ಕಟ್ಟಿನ ಸಾರಿಗೆ ಬಂತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ತೊಗರಿ ಬೇಳೆಯದ್ದೇ ಹೂರಣ. ತೊಗರಿಯ ಕಣಜ ಅನ್ನಿಸಿಕೊಂಡ ಊರು, ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಗುರುತೂ ಸಿಕ್ಕಿದೆ, ಬಳಸದೆ ಇರುತ್ತೇವಾ? ರುಚಿ ಅದರದ್ದೇ ಬೇರೆ. ಆದರೆ ತೊಗರಿ ಬೇಗ ಕರಗುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೆಲ್ಲ ಬಿದ್ದ ಮೇಲೆ ಜಾಸ್ತಿ ಹೊತ್ತು ಬಾಡಿಸಬೇಕು. ಸೌಟು ಮಧ್ಯದಲ್ಲಿ ನಿಲ್ಲಿಸಿದರೆ ಬೀಳದೆ ನಿಲ್ಲಬೇಕು, ಅದೇ ಹದ.

ಎರಡನೇ ದಾರಿ ಫ್ರೀಜರ್. ಇಡಬಹುದಾ ಅಂತ ಕೇಳಿದಿರಿ, ಧಾರಾಳವಾಗಿ ಇಡಬಹುದು. ಪಾವ್ ಕಿಲೋ ಬೇಳೆಯ ಹೂರಣ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ ಆರಿಸಿ. ನಾಲ್ಕು ನಾಲ್ಕು ಉಂಡೆ ಒಂದೊಂದು ಸಣ್ಣ ಡಬ್ಬಿಗೆ ಹಾಕಿ, ಮೇಲೆ ತಾರೀಕು ಬರೆದು ಫ್ರೀಜರಿಗೆ. ಒಂದು ತಿಂಗಳವರೆಗೆ ರುಚಿಯೂ ಕೆಡುವುದಿಲ್ಲ. ಹಬ್ಬದ ಹಿಂದಿನ ರಾತ್ರಿ ಒಂದು ಡಬ್ಬಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿದರೆ ಬೆಳಿಗ್ಗೆ ಮೆತ್ತಗಿರುತ್ತದೆ. ಅಡಿಗೆಮನೆ ಕಟ್ಟೆಯ ಮೇಲೆ ಇಟ್ಟು ಕರಗಿಸಬೇಡಿ. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ನೀರು ಬಿಟ್ಟಿದ್ದರೆ ಬಾಣಲಿಯಲ್ಲಿ ಎರಡು ನಿಮಿಷ ಬಾಡಿಸಿಕೊಳ್ಳಿ.

ಇದರಲ್ಲೊಂದು ಅಪಾಯ ಇದೆ. ಫ್ರೀಜರ್ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ಸುಮ್ನೆ ನಿಲ್ಲಿಸಿ ಇಡುತ್ತದೆ. ಸರಿಯಾಗಿ ನಿಲ್ಲಿಸಲು ಮೈನಸ್ 18 ಡಿಗ್ರಿ ಬೇಕು. ಒಂದೇ ಬಾಗಿಲಿನ ಹಳೆ ಫ್ರಿಜ್ಜುಗಳ ಫ್ರೀಜರ್ ಎಷ್ಟೋ ಸಲ ಅಲ್ಲಿಗೆ ಮುಟ್ಟುವುದಿಲ್ಲ. ಅದರಲ್ಲಿ ಐಸ್ ಕ್ರೀಂ ಇಟ್ಟರೆ ಕಲ್ಲಿನಂತೆ ನಿಲ್ಲುತ್ತದಾ, ಮೆತ್ತಗೇ ಇರುತ್ತದಾ ನೋಡಿ. ಮೆತ್ತಗಿದ್ದರೆ ಹೂರಣಕ್ಕೆ ಒಂದು ವಾರಕ್ಕಿಂತ ಜಾಸ್ತಿ ನಂಬಬೇಡಿ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಬೇರೆ. ಒಂದು ಸಣ್ಣ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳಕ್ಕೆ ಇಳಿದಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆ ಹೂರಣ ತಿನ್ನಬೇಡಿ.

ಯುಗಾದಿಯ ಹೂರಣ ಯಾಕೆ ಹುಳಿಯಾಯಿತು ಅಂತ ಬರೆದಿಲ್ಲ, ಆದರೆ ನಾನು ಊಹಿಸಬಲ್ಲೆ. ಬಿಸಿ ಹೂರಣವನ್ನು ಅದೇ ಪಾತ್ರೆಯಲ್ಲಿ ಗುಡ್ಡೆ ಹಾಕಿ ಮುಚ್ಚಳ ಮುಚ್ಚಿರುತ್ತೀರಿ. ಮುಚ್ಚಳದ ಒಳಮೈ ನೋಡಿದರೆ ಸಾಲು ಸಾಲು ನೀರ ಹನಿ ಕೂತಿರುತ್ತವೆ. ಅವು ಒಂದೊಂದೇ ಹೂರಣದ ಮೇಲೆ ಬೀಳುತ್ತವೆ. ಬಿದ್ದಲ್ಲಿ ಸಿಹಿ ತೆಳುವಾಗುತ್ತದೆ, ಕೆಡಲು ಅಲ್ಲಿಂದಲೇ ಶುರು. ಗುಡ್ಡೆಯ ನಡುಭಾಗ ತಾಸುಗಟ್ಟಲೆ ಬೆಚ್ಚಗೇ ಇರುತ್ತದೆ. 5ರಿಂದ 60 ಡಿಗ್ರಿ ನಡುವಿನ ಶಾಖ ಸೂಕ್ಷ್ಮಜೀವಿಗಳಿಗೆ ಹಬ್ಬ. ಬೇಯಿಸಿದ ಹಸಿ ಪದಾರ್ಥ ಈ ಶಾಖದಲ್ಲಿ ಎರಡು ತಾಸಿಗಿಂತ ಹೆಚ್ಚು ಇರಬಾರದು, ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ತಾಸು ಅನ್ನುವುದು ಆಹಾರ ಸುರಕ್ಷತೆಯವರು ಹೇಳುವ ಲೆಕ್ಕ. ಯುಗಾದಿ ಹೊತ್ತಿಗೆ ನಮ್ಮ ಅಡಿಗೆಮನೆ 32 ಎಲ್ಲಿ, ಅದನ್ನು ಯಾವತ್ತೋ ದಾಟಿರುತ್ತದೆ. ಮೇ ತಿಂಗಳಲ್ಲಂತೂ ಹೊರಗೆ 42, 43.

"ಸಿಹಿ ಕೆಡೋದಿಲ್ಲ" ಅನ್ನುವ ಮಾತು ಬಂದದ್ದು ಉಂಡಿ, ಪಾಕದ ಸಿಹಿ, ಮೊರಬ್ಬ ನೋಡಿ. ಅವುಗಳಲ್ಲಿ ನೀರು ಕಡಿಮೆ, ಸಕ್ಕರೆ ಜಾಸ್ತಿ. ಇದ್ದ ನೀರನ್ನೂ ಸಕ್ಕರೆ ಹಿಡಿದಿಟ್ಟಿರುತ್ತದೆ. ಪಾಯಸ, ಹುಗ್ಗಿ, ಹಸಿ ಹೂರಣಕ್ಕೆ ಆ ರಕ್ಷಣೆ ಇಲ್ಲ. ನೀವು ಶುಗರ್ ಇದೆ ಅಂತ ಬೆಲ್ಲ ಕಡಿಮೆ ಮಾಡಿದಷ್ಟೂ ಅದು ಇನ್ನೂ ಬೇಗ ಕೆಡುತ್ತದೆ, ಇದನ್ನು ಜನ ಮರೆಯುತ್ತಾರೆ.

"ಮತ್ತೊಮ್ಮೆ ಕುದಿಸಿದರೆ ಆಯಿತು" ಅನ್ನುವುದೂ ಪೂರ್ತಿ ಸರಿಯಲ್ಲ. ಕೆಲವು ಸೂಕ್ಷ್ಮಜೀವಿಗಳು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಅಕ್ಕಿ ಪಾಯಸವನ್ನು ತಾಸುಗಟ್ಟಲೆ ಹೊರಗಿಟ್ಟರೆ ಈ ಭಯ ಜಾಸ್ತಿ, ಅಕ್ಕಿಯಲ್ಲಿ ಬೇಯಿಸಿದರೂ ಸಾಯದ ಬೀಜಾಣುಗಳು ಇರುತ್ತವೆ. ಹುಳಿ ವಾಸನೆ, ನೊರೆ, ಎಳೆ ಎಳೆಯಾದ ಅಂಟು, ಇವು ಕಂಡರೆ ರುಚಿ ನೋಡಲೂ ಹೋಗಬೇಡಿ. ಇನ್ನು ಬಿಸಿಯದ್ದನ್ನು ಫ್ರಿಜ್ಜಿನಲ್ಲಿ ಇಡಲೇಬಾರದು ಅನ್ನುವ ಮಾತು ಅರ್ಧ ನಿಜ. ದೊಡ್ಡ ಪಾತೇಲಿ ತುಂಬ ಬಿಸಿ ಪಾಯಸ ಇಟ್ಟರೆ ಒಳಗಿನ ಹಾಲು ಮೊಸರೂ ಬೆಚ್ಚಗಾಗುತ್ತವೆ, ಅದು ನಿಜ. ಸಣ್ಣ ಬಟ್ಟಲಿನದ್ದು ಹೊಗೆ ಇಳಿದ ಕೂಡಲೇ ಒಳಗೆ ಹೋಗಲಿ. ಹೋಗಿ ಎರಡು ದಿನದೊಳಗೆ ಮುಗಿಯಲಿ.

ಬೆಲ್ಲದ ವಿಷಯ ನೇರವಾಗಿ ಹೇಳುತ್ತೇನೆ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಸ್ವಲ್ಪ ಕಬ್ಬಿಣ, ಒಂದಿಷ್ಟು ಖನಿಜ ಇದೆ, ರುಚಿ ಚೆನ್ನ. ಆದರೆ ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಇಲ್ಲ. "ಬೆಲ್ಲದ್ದು ಅಲ್ವಾ, ಇನ್ನೊಂದು ಹಾಕು" ಅಂತ ನಿಮ್ಮವರು ಅಂದರೆ ಒಪ್ಪಬೇಡಿ. ಜೇನು, ಖರ್ಜೂರಕ್ಕೂ ಲೆಕ್ಕ ಇಟ್ಟೇ ತಿನ್ನಬೇಕು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಹೀಗಿದೆ: ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಶಕ್ತಿಯ ಶೇ. 10 ದಾಟಬಾರದು, ಶೇ. 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಶೇ. 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ. ಇದು ಎಲ್ಲರಿಗೂ ಹೇಳಿದ್ದು, ಶುಗರ್ ಇದ್ದವರಿಗೆ ಅಂತ ಕೊಟ್ಟ ರಜೆ ಅಲ್ಲ. ನಾನು ಮೇಲೆ ಹೇಳಿದ ನಾಲ್ಕು ಬೇಳೆ ಹೋಳಿಗೆಯ ಅಳತೆಯಲ್ಲಿ ಒಂದು ಹೋಳಿಗೆಗೆ ಬೀಳುವ ಬೆಲ್ಲ 11 ಗ್ರಾಂ ಚಿಲ್ಲರೆ. ಎರಡು ತಿಂದರೆ 22 ಗ್ರಾಂ ಮೀರಿತು, ಅದರ ಮೇಲೆ ಕಣಕದ ಹಿಟ್ಟು, ಬೇಳೆ ಬೇರೆ. ಹಾಗಾಗಿ ಅವರಿಗೆ ಒಂದು, ತುಪ್ಪ ಹಾಕಿ, ಊಟದ ಜೊತೆಗೇ. ಅನ್ನವನ್ನು ಅವತ್ತು ಅಷ್ಟು ಕಡಿಮೆ ಬಡಿಸಿ. ಖಾಲಿ ಹೊಟ್ಟೆಗೆ ಬೇಡ, ಸಂಜೆ ಚಹಾದ ಜೊತೆ ಬೇಡ. ಅವರ ಮಾತ್ರೆಗೆ, ಅವರ ಶುಗರ್ ಮಟ್ಟಕ್ಕೆ ವಾರದಲ್ಲಿ ಎಷ್ಟು ಸಲ ಸರಿ ಅನ್ನುವುದನ್ನು ಅವರನ್ನು ನೋಡುವ ಡಾಕ್ಟರೇ ಹೇಳಬೇಕು. ಎರಡು ತಾಸಿನ ನಂತರ ಮನೆಯ ಮಿಷಿನಿನಲ್ಲಿ ಒಮ್ಮೆ ನೋಡಿಕೊಂಡರೆ ಯಾವ ಸಿಹಿ ಅವರಿಗೆ ಎಷ್ಟು ಏರಿಸುತ್ತದೆ ಅಂತ ನಿಮಗೇ ತಿಳಿಯುತ್ತದೆ.

ದಿನದ "ಬಾಯಿ ಸಿಹಿ"ಗೆ ನಾನು ಸೂಚಿಸುವುದು ಪಡ್ಡಿನ ಹಂಚು. ಮೂರು ದೊಡ್ಡ ಚಮಚ ಗೋಧಿ ಹಿಟ್ಟು, ಒಂದು ಚಮಚ ರವೆ, ಕಿವುಚಿದ ಅರ್ಧ ಬಾಳೆಹಣ್ಣು, 20 ಗ್ರಾಂ ಬೆಲ್ಲದ ನೀರು, ಚಿಟಿಕೆ ಸೋಡಾ. ಏಳು ಗುಳಿಯ ಹಂಚಿನಲ್ಲಿ ಒಂದೇ ಸುತ್ತು. ಇಡೀ ಸುತ್ತಿಗೆ 20 ಗ್ರಾಂ ಬೆಲ್ಲ ಆದ್ದರಿಂದ ಒಂದೊಂದಕ್ಕೆ 3 ಗ್ರಾಂ ಬಿತ್ತು. ಅವರಿಗೆ ಎರಡು, ನಿಮಗೆ ಮೂರು, ಕೆಲಸದ ಹುಡುಗಿಗೆ ಬಿಸಿಬಿಸಿ ಎರಡು. ಆ ಹುಡುಗಿಯ ವಿಷಯ ನೀವೇ ಎತ್ತಿದಿರಿ, ಅದಕ್ಕೆ ಹೇಳುತ್ತೇನೆ: ಮಿಕ್ಕ ಮೇಲೆ ಕೊಡುವ ಬದಲು ಮಾಡುವಾಗಲೇ ಅವಳ ಪಾಲು ಸೇರಿಸಿ ಅಳತೆ ಹಾಕಿ. ನಿಮ್ಮ ಸಂಕೋಚವೂ ಹೋಯಿತು.

ಪಾಲಿನ ಮಾತು ಬಂತು, ಬಡಿಸುವ ಬಟ್ಟಲೂ ಚಿಕ್ಕದಿರಲಿ. ಉಪ್ಪಿನಕಾಯಿಗೆ ಇಡುವಂಥ ಸಣ್ಣ ಬಟ್ಟಲಿನ ತುಂಬ ಬಡಿಸಿದರೆ ಕಣ್ಣಿಗೂ ತೃಪ್ತಿ. ದೊಡ್ಡ ಬಟ್ಟಲಿನ ತಳದಲ್ಲಿ ಎರಡು ಚಮಚ ಹಾಕಿಕೊಟ್ಟರೆ ಮನೆಯವರು ಮುಖ ನೋಡುತ್ತಾರೆ.

ಹಬ್ಬದ ದಿನ ಕಡಿಮೆ ಮಾಡಬಾರದು, ಮನೆಗೆ ಒಳ್ಳೆಯದಲ್ಲ ಅಂತ ಹಿರಿಯರು ಅಂದಿರುತ್ತಾರೆ. ನೈವೇದ್ಯಕ್ಕೆ ಒಂದು ಹೋಳಿಗೆ ಸಾಕು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ನಿಜವಾದ ಅಂಜಿಕೆ ಬೇರೆ: ದಿಢೀರನೆ ಯಾರಾದರೂ ಬಂದರೆ ಏನು ಕೊಡುವುದು ಅಂತ. ಶೇಂಗಾದ ಪುಡಿ ಡಬ್ಬಿಯಲ್ಲಿದ್ದರೆ, ಹುರಿದ ರವೆ ಇದ್ದರೆ, ಬಂದವರು ಕೂತು ನೀರು ಕುಡಿಯುವುದರೊಳಗೆ ಸಿಹಿ ಆಗುತ್ತದೆ. ಜಾತ್ರೆ ಹೊತ್ತಿಗೆ ಶರಣಬಸವೇಶ್ವರರ ದರ್ಶನಕ್ಕೆ ಬಂದ ನೆಂಟರು ಹತ್ತು ಜನ ಆದರೂ ನಿಮಗೆ ಹೂರಣ ರುಬ್ಬುವ ಗಡಿಬಿಡಿ ಇರುವುದಿಲ್ಲ.

ಇನ್ನೊಂದು ಸಿಹಿ ಇಬ್ಬರಿಗೆ ತಾನಾಗಿಯೇ ಒಗ್ಗುತ್ತದೆ, ಡಬಲ್ ಕಾ ಮೀಠಾ. ಹೈದರಾಬಾದ್ ಸೀಮೆಯ ಅಡಿಗೆ, ನಮ್ಮ ಊರಿಗೂ ಹೊಸದಲ್ಲ. ಬ್ರೆಡ್ಡಿನ ಒಂದು ಹಲ್ಲೆ ಒಬ್ಬರಿಗೆ, ಅಳತೆಯ ತಲೆನೋವೇ ಇಲ್ಲ. ಕರಿಯುವ ಬದಲು ತವೆಯ ಮೇಲೆ ಒಂದೊಂದು ಚಮಚ ತುಪ್ಪದಲ್ಲಿ ಎರಡೂ ಕಡೆ ಕೆಂಪಗೆ ಮಾಡಿ. ಒಂದು ಲೋಟ ಹಾಲನ್ನು ಅರ್ಧಕ್ಕೆ ಇಳಿಸಿ, ಒಂದೂವರೆ ಚಮಚ ಸಕ್ಕರೆ, ಏಲಕ್ಕಿ ಹಾಕಿ ಮೇಲೆ ಸುರಿಯಿರಿ. ಹಾಲನ್ನು ಮಾತ್ರ ಸಣ್ಣ ಪಾತ್ರೆಯಲ್ಲಿ ಕಾಯಿಸಿ. ಅಗಲ ಬಾಣಲಿಯಲ್ಲಿ ಅಷ್ಟು ಹಾಲು ಸುತ್ತಲೂ ಸೀದು ಹೋಗುತ್ತದೆ. ಶುಗರ್ ಇದ್ದವರಿಗೆ ಇದು ಯಾವಾಗಾದರೊಮ್ಮೆ, ಅದೂ ಅರ್ಧ ಹಲ್ಲೆ.

ಕೊನೆಗೆ, ಮನೆಯಲ್ಲಿ ಮಾಡಲೇಬಾರದ್ದು ಅಂತ ಕೆಲವು ಇವೆ. ಇಬ್ಬರಿಗೆ ಜಿಲೇಬಿ, ಬಾದುಷಾ, ಮಾಲ್‌ಪುರಿ ಮಾಡಲು ಹೋದರೆ ಸಿಹಿ ಮುಗಿದರೂ ಎಣ್ಣೆ ಮಿಗುತ್ತದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಒಳ್ಳೆಯದಲ್ಲ, ಚೆಲ್ಲಲು ಕೈ ಬರುವುದಿಲ್ಲ. ಇವನ್ನು ಅಂಗಡಿಯಿಂದ ಎರಡೇ ಎರಡು ತನ್ನಿ. ಮಾಲ್‌ಪುರಿ ಚೆನ್ನಾಗಿ ಮಾಡುವವರು ಕಲಬುರಗಿಯಲ್ಲಿ ಇರುವಾಗ ನಾವು ಯಾಕೆ ಒದ್ದಾಡಬೇಕು? ಎರಡು ಕೇಳಲು ನಾಚಿಕೆ ಬೇಡ, ಈಗ ಎಲ್ಲರೂ ಕೇಳುತ್ತಾರೆ. ಖೋವಾ, ಹಾಲಿನ ಸಿಹಿಗಳಿಗೆ ಮಾತ್ರ ಯಾವತ್ತಿನದು ಅಂತ ವಿಚಾರಿಸಿ. ಬಿಡಿಯಾಗಿ ಮಾರುವ ಸಿಹಿಯ ಮುಂದೆ ಯಾವ ತಾರೀಕಿನೊಳಗೆ ತಿನ್ನಬೇಕು ಅಂತ ಬರೆದಿಡಬೇಕು ಅನ್ನುವ ನಿಯಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಅಕ್ಟೋಬರ್ 1ರಿಂದ ತಂದಿದೆ. ಚೀಟಿ ಕಾಣದಿದ್ದರೆ ಕೇಳಿ. ಉತ್ತರ ಹೇಳಲು ತಡವರಿಸಿದರೆ ಅವತ್ತು ಹಾಲಿನದ್ದು ಬಿಟ್ಟು ಬೇಸನ್ ಉಂಡಿ ತಗೊಂಡು ಬನ್ನಿ.